ಅಭ್ಯರ್ಥಿ ಮಾರ್ಮನ್ ಅಂದರೆ ಮತದಾರ ಏನು ಕೇಳಬೇಕು?

2020ರ ಫೆಬ್ರವರಿ 5. ವಾಷಿಂಗ್ಟನ್‌ನ ಸೆನೆಟ್‌ನಲ್ಲಿ ಡೊನಾಲ್ಡ್ ಟ್ರಂಪ್ ಅವರ ವಾಗ್ದಂಡನೆಗೆ ಮತ ಹಾಕುವ ದಿನ. ಯೂಟಾ ರಾಜ್ಯದ ಸೆನೆಟರ್ ಮಿಟ್ ರಾಮ್ನಿ ಮಾತಾಡಲು ಎದ್ದು ನಿಂತರು. ಅವರೂ ಟ್ರಂಪ್ ಅವರದೇ ರಿಪಬ್ಲಿಕನ್ ಪಕ್ಷದವರು. ಪಕ್ಷಪಾತ ಇಲ್ಲದೆ ನ್ಯಾಯ ಮಾಡುತ್ತೇನೆ ಅಂತ ದೇವರ ಮುಂದೆ ಪ್ರಮಾಣ ಮಾಡಿದ್ದೇನೆ ಎಂದರು. ನಾನು ತುಂಬಾ ದೈವಭಕ್ತ ಎಂದರು. ಅಲ್ಲಿಗೆ ಗಂಟಲು ಕಟ್ಟಿತು, ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಆಮೇಲೆ ಸುಧಾರಿಸಿಕೊಂಡು, ಅಧಿಕಾರ ದುರುಪಯೋಗದ ಆರೋಪದಲ್ಲಿ ಟ್ರಂಪ್ ತಪ್ಪಿತಸ್ಥ ಅಂತ ಹೇಳಿ, ಹಾಗೇ ಮತ ಹಾಕಿದರು. ತನ್ನದೇ ಪಕ್ಷದ ಅಧ್ಯಕ್ಷನನ್ನು ತಪ್ಪಿತಸ್ಥ ಎಂದ ಸೆನೆಟರ್ ಅಮೆರಿಕದ ಇತಿಹಾಸದಲ್ಲಿ ಅವರಿಗಿಂತ ಮುಂಚೆ ಒಬ್ಬರೂ ಇರಲಿಲ್ಲ.

ಇದೇ ರಾಮ್ನಿ 2008ರಲ್ಲಿ ಮತ್ತು 2012ರಲ್ಲಿ ಅಧ್ಯಕ್ಷ ಹುದ್ದೆಗೆ ಪ್ರಯತ್ನಿಸಿದಾಗ ಜನ ಕೇಳಿದ ಪ್ರಶ್ನೆ ಒಂದೇ. ಇವರು ಮಾರ್ಮನ್, ಇವರನ್ನು ನಂಬಬಹುದಾ? 2011ರ ಜೂನ್‌ನಲ್ಲಿ ಗ್ಯಾಲಪ್ ಸಮೀಕ್ಷೆ ಮಾಡಿದಾಗ, ನಮ್ಮ ಪಕ್ಷ ಎಷ್ಟೇ ಯೋಗ್ಯ ವ್ಯಕ್ತಿಯನ್ನು ನಿಲ್ಲಿಸಿದರೂ ಅವನು ಮಾರ್ಮನ್ ಆಗಿದ್ದರೆ ಮತ ಹಾಕುವುದಿಲ್ಲ ಎಂದವರು ನೂರಕ್ಕೆ 22 ಜನ. 1967ರಲ್ಲಿ ಇದೇ ಪ್ರಶ್ನೆಗೆ ಹೀಗೆ ಹೇಳಿದವರು 17 ಜನ. ನಲವತ್ತು ವರ್ಷ ದಾಟಿದರೂ ಅನುಮಾನ ಕರಗಿರಲಿಲ್ಲ.

ಈ ಪ್ರಶ್ನೆಗೆ ‘ಧರ್ಮ ಅವರವರ ವೈಯಕ್ತಿಕ ವಿಷಯ, ಕೇಳಲೇಬಾರದು’ ಅಂತ ಒಂದು ಉತ್ತರ ಇದೆ. ಕೇಳಲು ಸಭ್ಯವಾಗಿದೆ, ಆದರೆ ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಆ ಫೆಬ್ರವರಿ ಮಧ್ಯಾಹ್ನ ರಾಮ್ನಿ ಹಾಕಿದ ಮತಕ್ಕೆ ಅವರ ನಂಬಿಕೆಯೇ ಕಾರಣ ಅಂತ ಅವರೇ ಹೇಳಿದರು. ಅಂದ ಮೇಲೆ ಅದು ಲೆಕ್ಕಕ್ಕೆ ಬರಲೇಬೇಕಲ್ವಾ? ಆದರೆ ಹೇಗೆ ಬರಬೇಕು, ಯಾವ ಭಾಗ ಬರಬೇಕು, ಯಾವುದು ಬರಬಾರದು ಅನ್ನುವುದರಲ್ಲಿ ಜನ ತುಂಬಾ ಎಡವುತ್ತಾರೆ. ಅದನ್ನು ಬಿಡಿಸಿ ನೋಡೋಣ.

ಮೊದಲು ಈ ಮಾರ್ಮನ್ನರು ಯಾರು? 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಅನ್ನುವ ಯುವಕ ಶುರು ಮಾಡಿದ ಕ್ರೈಸ್ತ ಪಂಥ ಇದು. ದೇವದೂತ ತೋರಿಸಿದ ಚಿನ್ನದ ತಗಡುಗಳ ಮೇಲಿದ್ದ ಬರಹವನ್ನು ಅನುವಾದಿಸಿದೆ ಅಂತ ಆತ ಹೇಳಿದ. ಅದೇ ‘ಬುಕ್ ಆಫ್ ಮಾರ್ಮನ್’. ಅದರಿಂದಲೇ ಮಾರ್ಮನ್ ಅನ್ನುವ ಹೆಸರು ಅಂಟಿಕೊಂಡಿತು. ಚರ್ಚ್‌ನ ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. 2018ರಲ್ಲಿ ಆಗಿನ ಚರ್ಚ್ ಅಧ್ಯಕ್ಷ ರಸೆಲ್ ನೆಲ್ಸನ್ ‘ನಮ್ಮನ್ನು ಮಾರ್ಮನ್ ಅನ್ನಬೇಡಿ, ಪೂರ್ತಿ ಹೆಸರಿನಿಂದ ಕರೆಯಿರಿ’ ಅಂತ ಕೇಳಿಕೊಂಡರು. ಹಳೆಯ ಹೆಸರೇ ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ಅದನ್ನೇ ಬಳಸುತ್ತಿದ್ದೇನೆ. ಜಗತ್ತಿನಲ್ಲಿ ಸುಮಾರು 1.7 ಕೋಟಿ ಸದಸ್ಯರಿದ್ದಾರೆ, ಕೇಂದ್ರ ಸ್ಥಾನ ಯೂಟಾದ ಸಾಲ್ಟ್ ಲೇಕ್ ಸಿಟಿ. ನಮಗೆ ಇವರು ತೀರಾ ದೂರದವರೂ ಅಲ್ಲ. ಭಾರತದ ಮೊದಲ ಮಾರ್ಮನ್ ಟೆಂಪಲ್ ಬೆಂಗಳೂರಿನಲ್ಲಿ ಕಟ್ಟುತ್ತೇವೆ ಅಂತ 2018ರಲ್ಲಿ ಇದೇ ನೆಲ್ಸನ್ ಘೋಷಿಸಿದರು. ಕೋವಿಡ್ ನಡುವೆಯೇ, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಯೂ ಆಯಿತು.

ದಿನನಿತ್ಯದ ಬದುಕಿನಲ್ಲಿ ಇವರ ಕಟ್ಟುಪಾಡು ಜಾಸ್ತಿ. ಮದ್ಯ ಇಲ್ಲ, ತಂಬಾಕು ಇಲ್ಲ, ಕಾಫಿ ಇಲ್ಲ, ಟೀ ಇಲ್ಲ. ದುಡಿದದ್ದರಲ್ಲಿ ಹತ್ತನೇ ಒಂದು ಭಾಗ ಚರ್ಚ್‌ಗೆ. ತುಂಬಾ ಹುಡುಗರು ಹದಿನೆಂಟು, ಹತ್ತೊಂಬತ್ತು ವರ್ಷಕ್ಕೇ ಬಿಳಿ ಅಂಗಿ ತೊಟ್ಟು, ಎದೆಗೆ ಕಪ್ಪು ಹೆಸರುಪಟ್ಟಿ ಹಾಕಿಕೊಂಡು ಎರಡು ವರ್ಷ ಧರ್ಮಪ್ರಚಾರಕ್ಕೆ ಹೋಗುತ್ತಾರೆ. ರಾಮ್ನಿ ಹೋಗಿದ್ದು ಫ್ರಾನ್ಸ್‌ಗೆ. ಊರಿನ ಚರ್ಚ್ ನಡೆಸಲು ಸಂಬಳದ ಪಾದ್ರಿ ಇರುವುದಿಲ್ಲ. ಸದಸ್ಯರಲ್ಲೇ ಒಬ್ಬರು ತಮ್ಮ ಕೆಲಸದ ಜೊತೆಗೆ ಕೆಲವು ವರ್ಷ ಬಿಷಪ್ ಆಗಿ ಸೇವೆ ಮಾಡುತ್ತಾರೆ. ಹಾಗೆ ಮಾಡಿದವರಲ್ಲಿ ರಾಮ್ನಿಯೂ ಒಬ್ಬರು, ಬಾಸ್ಟನ್ ಹತ್ತಿರ. ಆಮೇಲೆ ಆ ಭಾಗದ ಹಲವು ಸಭೆಗಳ ಮೇಲ್ವಿಚಾರಣೆಯನ್ನೂ ಹೊತ್ತಿದ್ದರು. ಅಂದರೆ ಅವರು ವಾರಕ್ಕೊಮ್ಮೆ ಬಂದು ಕೂತು ಹೋಗುವ ಭಕ್ತರಲ್ಲ, ಚರ್ಚ್ ನಡೆಸಿದವರು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

‘ಮಾರ್ಮನ್ ಅಂದರೆ ನನಗೆ ಅನುಮಾನ’ ಅನ್ನುವವರನ್ನು ಕೂರಿಸಿಕೊಂಡು ಕೇಳಿದರೆ ಅದರೊಳಗೆ ಬೇರೆ ಬೇರೆ ಆತಂಕಗಳಿರುತ್ತವೆ. ಎಲ್ಲ ಒಂದೇ ಗಂಟಿನಲ್ಲಿ ಕಟ್ಟಿರುವುದರಿಂದಲೇ ಇಷ್ಟು ಗೊಂದಲ.

ಒಂದು, ಅವರ ನಂಬಿಕೆ ವಿಚಿತ್ರ ಅನ್ನುವುದು. ಚಿನ್ನದ ತಗಡು, ಅಮೆರಿಕಕ್ಕೆ ಬಂದ ಯೇಸು, ಸತ್ತವರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಮಾಡಿಸಿಕೊಳ್ಳುವುದು, ಬಟ್ಟೆಯ ಒಳಗೆ ತೊಡುವ ಬಿಳಿಯ ಪವಿತ್ರ ಒಳಉಡುಪು. ರಾಮ್ನಿ ಸ್ಪರ್ಧಿಸಿದ ಕಾಲದಲ್ಲಿ ಈ ಒಳಉಡುಪನ್ನು ಹಿಡಿದುಕೊಂಡು ಆಡಿಕೊಂಡವರಿಗೆ ಲೆಕ್ಕವಿಲ್ಲ. ನನಗೆ ಇದು ಬಹಳ ನೋವಿನ ವಿಷಯ. ಟೆಂಪಲ್‌ನಲ್ಲಿ ದೇವರಿಗೆ ಕೊಟ್ಟ ಮಾತನ್ನು ಮೈಮೇಲೆ ಇಟ್ಟುಕೊಂಡಿರುವುದು ಅವರ ಪಾಲಿಗೆ ಅದು. ಜನಿವಾರ ಹಾಕಿಕೊಂಡವರಿಗೆ, ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನಿಂದ ನೋಡಿದರೆ ಯಾವ ಧರ್ಮದ ಪವಾಡ ತಾನೇ ಸಹಜವಾಗಿ ಕಾಣುತ್ತದೆ? ಹಳೆಯ ಪವಾಡಗಳು ನಮಗೆ ರೂಢಿಯಾಗಿವೆ, ಇವರದು ಇನ್ನೂರು ವರ್ಷದ ಹಿಂದಿನದು, ಪತ್ರಿಕೆ ಮತ್ತು ಕೋರ್ಟ್ ದಾಖಲೆಗಳ ಕಾಲದ್ದು. ವ್ಯತ್ಯಾಸ ಅಷ್ಟೇ. ಚಿನ್ನದ ತಗಡನ್ನು ನಂಬುವವನು ಬಜೆಟ್ ಮಾಡಲಾರ ಅನ್ನುವುದಕ್ಕೆ ಆಧಾರ ಇಲ್ಲ. ರಾಮ್ನಿ 2003ರಿಂದ 2007ರವರೆಗೆ ಮ್ಯಾಸಚೂಸೆಟ್ಸ್ ಗವರ್ನರ್ ಆಗಿದ್ದರು, 2006ರಲ್ಲಿ ಅಲ್ಲಿ ಎಲ್ಲರಿಗೂ ಆರೋಗ್ಯ ವಿಮೆ ಸಿಗುವ ಕಾನೂನು ತಂದರು. ಅವರನ್ನು ಅಳೆಯಲು ಅದು ಇತ್ತಲ್ಲ.

ವಿಶೇಷ ಅಂದರೆ ನಂಬಿಕೆಯ ಮೇಲಿನ ಈ ಆಕ್ಷೇಪ ಜೋರಾಗಿ ಬಂದದ್ದು ನಾಸ್ತಿಕರಿಂದ ಮಾತ್ರ ಅಲ್ಲ, ರಾಮ್ನಿಯವರ ಪಕ್ಷದ ಬೆನ್ನೆಲುಬಾದ ಇವಾಂಜೆಲಿಕಲ್ ಕ್ರೈಸ್ತರಿಂದಲೂ, ಅಂದರೆ ಬೈಬಲ್ ಮಾತನ್ನೇ ಗಟ್ಟಿಯಾಗಿ ಹಿಡಿಯುವ ಪ್ರಾಟೆಸ್ಟೆಂಟರಿಂದಲೂ ಬಂತು. ಅವರ ಕಾರಣ ಬೇರೆ. ಬೈಬಲ್ ಜೊತೆಗೆ ಇನ್ನೊಂದು ಧರ್ಮಗ್ರಂಥ ಇಟ್ಟುಕೊಂಡಿದ್ದಾರೆ, ತಂದೆ ಮಗ ಪವಿತ್ರಾತ್ಮ ಒಂದೇ ಎಂಬ ತ್ರಿಯೇಕತ್ವವನ್ನು ನಾವು ಒಪ್ಪುವ ರೀತಿಯಲ್ಲಿ ಒಪ್ಪುವುದಿಲ್ಲ, ದೇವರಿಗೆ ಶರೀರ ಇದೆ ಅನ್ನುತ್ತಾರೆ, ಆದ್ದರಿಂದ ಇವರು ಕ್ರೈಸ್ತರೇ ಅಲ್ಲ ಅಂತ ಅವರ ವಾದ. 2011ರ ಅಕ್ಟೋಬರ್‌ನಲ್ಲಿ ಟೆಕ್ಸಾಸ್‌ನ ಪಾದ್ರಿ ರಾಬರ್ಟ್ ಜೆಫ್ರೆಸ್ ಮಾರ್ಮನ್ ಪಂಥವನ್ನು ‘ಕಲ್ಟ್’ ಎಂದರು, ಅಂದರೆ ದಾರಿ ತಪ್ಪಿದ ಗುಂಪು ಅಂತ. ಒಂದು ವರ್ಷ ಕಳೆಯುವಷ್ಟರಲ್ಲಿ ಅದೇ ಜೆಫ್ರೆಸ್ ರಾಮ್ನಿಗೆ ಬೆಂಬಲ ಕೊಟ್ಟರು. 2012ರ ಅಕ್ಟೋಬರ್‌ನಲ್ಲಿ ರಾಮ್ನಿ ಹೆಸರಾಂತ ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ ಅವರನ್ನು ಮನೆಗೆ ಹೋಗಿ ಕಂಡರು. ಅದಾದ ಸ್ವಲ್ಪ ದಿನಕ್ಕೆ ಗ್ರಹಾಂ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಕಲ್ಟ್‌ಗಳ ಪಟ್ಟಿಯಲ್ಲಿದ್ದ ಮಾರ್ಮನ್ ಹೆಸರು ಮಾಯವಾಯಿತು. ನವೆಂಬರ್‌ನಲ್ಲಿ ಬಿಳಿಯ ಇವಾಂಜೆಲಿಕಲ್ ಮತದಾರರಲ್ಲಿ ಹತ್ತರಲ್ಲಿ ಎಂಟು ಜನ ರಾಮ್ನಿಗೇ ಮತ ಹಾಕಿದರು.

ಆ ಹನ್ನೆರಡು ತಿಂಗಳಲ್ಲಿ ಮಾರ್ಮನ್ ನಂಬಿಕೆಯಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಬದಲಾಗಿದ್ದು ಎದುರಿಗೆ ಯಾರಿದ್ದಾರೆ ಅನ್ನುವುದು ಮಾತ್ರ, ಮೊದಲು ಸ್ವಂತ ಪಕ್ಷದವರು, ಆಮೇಲೆ ಡೆಮಾಕ್ರಟ್ ಒಬಾಮಾ. ಹಾಗಾಗಿ ಆ ಮೊದಲ ಆತಂಕವನ್ನು ನಾನು ಪಕ್ಕಕ್ಕಿಡುತ್ತೇನೆ. ಅದನ್ನು ಗಟ್ಟಿಯಾಗಿ ಹೇಳಿದವರೇ ಬೇಕಾದಾಗ ಬಿಟ್ಟುಕೊಟ್ಟರು.

ಎರಡನೆಯದು ಗಂಭೀರ. ಇವರು ಅಧಿಕಾರಕ್ಕೆ ಬಂದರೆ ಆಳುವವರು ಇವರಾ, ಸಾಲ್ಟ್ ಲೇಕ್ ಸಿಟಿಯಾ? ಈ ಪ್ರಶ್ನೆ ಗಾಳಿಯಿಂದ ಹುಟ್ಟಿದ್ದಲ್ಲ. ಮಾರ್ಮನ್ ಚರ್ಚ್‌ನ ಅಧ್ಯಕ್ಷರನ್ನು ಅವರು ಬದುಕಿರುವ ಪ್ರವಾದಿ ಅಂತ ನಂಬುತ್ತಾರೆ. ದೇವರು ಇವತ್ತಿಗೂ ಅವರ ಮೂಲಕ ಮಾತಾಡುತ್ತಾನೆ ಅಂತ. ಅವರ ಕೆಳಗೆ ಹನ್ನೆರಡು ಅಪೊಸ್ತಲರು, ಅಂದರೆ ಚರ್ಚ್‌ನ ಅತಿ ಹಿರಿಯ ನಾಯಕರು. ಹಾಗಿದ್ದ ಮೇಲೆ ಪ್ರವಾದಿ ಒಂದು ಹೇಳಿ ಸಂವಿಧಾನ ಇನ್ನೊಂದು ಹೇಳಿದರೆ?

ಈ ಭಯಕ್ಕೆ ಇತಿಹಾಸವೂ ಇದೆ, ಅದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ಜೋಸೆಫ್ ಸ್ಮಿತ್ ಇಲಿನಾಯ್ ರಾಜ್ಯದ ‘ನಾವೂ’ ಎಂಬ ಪಟ್ಟಣದಲ್ಲಿ ಪ್ರವಾದಿ, ಮೇಯರ್, ಊರಿನ ಸೇನೆಯ ಮುಖ್ಯಸ್ಥ ಎಲ್ಲವೂ ಆಗಿದ್ದರು. 1844ರಲ್ಲಿ ಸ್ವತಃ ಅಧ್ಯಕ್ಷ ಹುದ್ದೆಗೂ ನಿಂತರು. ಸರ್ಕಾರಿ ಜಮೀನು ಮಾರಿ ಬಂದ ಹಣದಲ್ಲಿ ಗುಲಾಮರನ್ನು ಬಿಡಿಸಬೇಕು ಅನ್ನುವುದು ಅವರ ಭರವಸೆಗಳಲ್ಲಿ ಒಂದು. ತಮ್ಮನ್ನು ಟೀಕಿಸಿದ ಪತ್ರಿಕೆಯ ಮುದ್ರಣಯಂತ್ರವನ್ನು ಒಡೆಸಿ ಹಾಕಿದ್ದಕ್ಕೆ ಜೈಲು ಸೇರಿದರು. ಜೂನ್ 27ರಂದು ಗುಂಪೊಂದು ಕಾರ್ತೇಜ್ ಜೈಲಿಗೆ ನುಗ್ಗಿ ಅವರನ್ನೂ ಅವರ ಅಣ್ಣನನ್ನೂ ಗುಂಡಿಟ್ಟು ಕೊಂದಿತು. ಆಮೇಲೆ ಬ್ರಿಗಮ್ ಯಂಗ್ ಜನರನ್ನು ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟು 1847ರಲ್ಲಿ ಸಾಲ್ಟ್ ಲೇಕ್ ಕಣಿವೆ ಸೇರಿದರು. ಅಲ್ಲಿ ಅವರೇ ಚರ್ಚ್ ಅಧ್ಯಕ್ಷ, ಅವರೇ ಗವರ್ನರ್. ಬಹುಪತ್ನಿತ್ವವನ್ನು 1852ರಲ್ಲಿ ಬಹಿರಂಗವಾಗಿ ಸಾರಿದರು. ಚರ್ಚ್ ಮತ್ತು ಸರ್ಕಾರ ಬೇರೆ ಬೇರೆ ಅನ್ನುವ ಗೆರೆ ಅಲ್ಲಿ ನಿಜಕ್ಕೂ ಇರಲಿಲ್ಲ.

ಇದರ ಇನ್ನೊಂದು ಮುಖ ಮಾರ್ಮನ್ನರ ಮೇಲೆ ನಡೆದ ಹಿಂಸೆ. 1838ರಲ್ಲಿ ಮಿಸೌರಿ ಗವರ್ನರ್ ಲಿಲ್ಬರ್ನ್ ಬಾಗ್ಸ್, ಮಾರ್ಮನ್ನರನ್ನು ನಿರ್ನಾಮ ಮಾಡಬೇಕು ಇಲ್ಲವೇ ರಾಜ್ಯದಿಂದ ಓಡಿಸಬೇಕು ಅಂತ ಲಿಖಿತ ಆದೇಶ ಹೊರಡಿಸಿದರು. ಆ ಆದೇಶವನ್ನು ಅಧಿಕೃತವಾಗಿ ಹಿಂದಕ್ಕೆ ತೆಗೆದುಕೊಂಡದ್ದು 1976ರಲ್ಲಿ. 1879ರ ರೆನಾಲ್ಡ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಹುಪತ್ನಿತ್ವ ಧರ್ಮದ ಹಕ್ಕು ಅಲ್ಲ ಎಂದಿತು. ಆ ತೀರ್ಪಿನಲ್ಲಿ ನಮ್ಮ ಕಡೆಯ ಉದಾಹರಣೆಯೇ ಬಂದಿದೆ. ಗಂಡನ ಚಿತೆ ಏರುವುದು ತನ್ನ ಧರ್ಮ ಅಂತ ಹೆಂಡತಿ ನಂಬಿದ್ದರೆ ಸರ್ಕಾರ ಅದನ್ನು ತಡೆಯಬಾರದೇ ಅಂತ ಕೋರ್ಟ್ ಕೇಳಿತು. ನಂಬುವುದಕ್ಕೆ ಸ್ವಾತಂತ್ರ್ಯ ಇದೆ, ನಂಬಿಕೆಯ ಹೆಸರಲ್ಲಿ ಮಾಡುವ ಕೆಲಸಕ್ಕೆ ಕಾನೂನು ಅನ್ವಯಿಸುತ್ತದೆ ಅಂತ. ಅಲ್ಲಿಯವರೆಗೆ ನ್ಯಾಯ. ಆದರೆ ಅಲ್ಲಿಗೆ ನಿಲ್ಲಲಿಲ್ಲ. ಐಡಾಹೋದಲ್ಲಿ, ಬಹುಪತ್ನಿತ್ವ ಬೋಧಿಸುವ ಸಂಘಟನೆಯ ಸದಸ್ಯನಲ್ಲ ಅಂತ ಪ್ರಮಾಣ ಮಾಡಿದರೆ ಮಾತ್ರ ಮತದಾನದ ಹಕ್ಕು ಅನ್ನುವ ನಿಯಮ ಬಂತು. ಒಬ್ಬಳೇ ಹೆಂಡತಿ ಇದ್ದವನೂ, ಬರೀ ಚರ್ಚ್ ಸದಸ್ಯ ಅನ್ನುವ ಕಾರಣಕ್ಕೆ, ಮತಗಟ್ಟೆಯಿಂದ ಹೊರಗೆ. 1890ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಎತ್ತಿಹಿಡಿಯಿತು. ಮನುಷ್ಯ ಮಾಡಿದ್ದನ್ನು ನೋಡುವುದು ಬಿಟ್ಟು ಅವನು ಯಾರ ಜೊತೆ ಕೂರುತ್ತಾನೆ ಅಂತ ನೋಡಲು ಶುರು ಮಾಡಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಅದೇ 1890ರಲ್ಲಿ ಚರ್ಚ್ ಹೊಸ ಬಹುಪತ್ನಿ ಮದುವೆಗಳನ್ನು ನಿಲ್ಲಿಸುವ ಪ್ರಕಟಣೆ ಹೊರಡಿಸಿತು. 1896ರಲ್ಲಿ ಯೂಟಾ ರಾಜ್ಯವಾಯಿತು. 1903ರಲ್ಲಿ ರೀಡ್ ಸ್ಮೂಟ್ ಸೆನೆಟ್‌ಗೆ ಆಯ್ಕೆಯಾದರು. ಅವರಿಗೆ ಒಬ್ಬಳೇ ಹೆಂಡತಿ, ಆದರೆ ಅವರು ಹನ್ನೆರಡು ಅಪೊಸ್ತಲರಲ್ಲಿ ಒಬ್ಬರು. ಅವರನ್ನು ಸೆನೆಟ್‌ನಲ್ಲಿ ಉಳಿಸಿಕೊಳ್ಳಬೇಕೋ ಬೇಡವೋ ಅಂತ ಸೆನೆಟ್ ಸಮಿತಿ ವರ್ಷಗಟ್ಟಲೆ ವಿಚಾರಣೆ ನಡೆಸಿತು. 1904ರ ಮಾರ್ಚ್‌ನಲ್ಲಿ ಆಗಿನ ಚರ್ಚ್ ಅಧ್ಯಕ್ಷ ಜೋಸೆಫ್ ಎಫ್. ಸ್ಮಿತ್ (ಪಂಥ ಶುರು ಮಾಡಿದ ಸ್ಮಿತ್ ಅವರ ಅಣ್ಣನ ಮಗ) ಅವರೇ ವಾಷಿಂಗ್ಟನ್‌ಗೆ ಬಂದು ಸಾಕ್ಷಿ ಹೇಳಬೇಕಾಯಿತು. ನನಗೆ ಐವರು ಹೆಂಡತಿಯರು, 1890ರ ನಂತರವೂ ಅವರಿಂದ 11 ಮಕ್ಕಳಾಗಿದ್ದಾರೆ ಅಂತ ಅವರು ಒಪ್ಪಿಕೊಂಡಾಗ ದೇಶವೇ ಬೆಚ್ಚಿಬಿತ್ತು. ಅಷ್ಟಾದರೂ 1907ರಲ್ಲಿ ಸ್ಮೂಟ್ ಅವರನ್ನು ಹೊರಹಾಕಲು ಬೇಕಾದಷ್ಟು ಮತ ಬೀಳಲಿಲ್ಲ. ಅವರು 1933ರವರೆಗೆ ಸೆನೆಟ್‌ನಲ್ಲೇ ಇದ್ದರು. ಇವತ್ತು ಅವರ ಹೆಸರು ಹೇಳಿದರೆ ಅಮೆರಿಕನ್ನರಿಗೆ ನೆನಪಾಗುವುದು 1930ರ ಸ್ಮೂಟ್-ಹಾಲಿ ಆಮದು ಸುಂಕದ ಕಾನೂನು, ಅವರ ಚರ್ಚ್ ಅಲ್ಲ.

ಆಮೇಲಿನ ನೂರು ವರ್ಷದಲ್ಲಿ ಮಾರ್ಮನ್ ರಾಜಕಾರಣಿಗಳು ಅಧಿಕಾರದಲ್ಲಿ ಹೇಗೆ ನಡೆದುಕೊಂಡರು ಅನ್ನುವುದು ಕಣ್ಣ ಮುಂದಿದೆ. ಹ್ಯಾರಿ ರೀಡ್ ನೆವಾಡಾದವರು, ಡೆಮಾಕ್ರಟ್, ಯೌವನದಲ್ಲಿ ಮಾರ್ಮನ್ ಚರ್ಚ್ ಸೇರಿದವರು, 2007ರಿಂದ 2015ರವರೆಗೆ ಸೆನೆಟ್‌ನ ಬಹುಮತ ಪಕ್ಷದ ನಾಯಕ. ಒಬಾಮಾ ಅವರ ಆರೋಗ್ಯ ಕಾನೂನನ್ನು ಸೆನೆಟ್‌ನಲ್ಲಿ ದಡ ಸೇರಿಸಿದವರು. 2012ರಲ್ಲಿ ರಾಮ್ನಿ ವಿರುದ್ಧ ಕಟುವಾಗಿ ಮಾತಾಡಿದವರಲ್ಲಿ ಅವರೂ ಒಬ್ಬರು. ಒಂದೇ ಚರ್ಚ್, ಒಂದೇ ಪ್ರವಾದಿ, ರಾಜಕೀಯ ಮಾತ್ರ ಉತ್ತರ ದಕ್ಷಿಣ.

ಇದಕ್ಕಿಂತ ಸ್ಪಷ್ಟವಾದ ಉದಾಹರಣೆ 2022ರ ನವೆಂಬರ್‌ನದು. ಸಲಿಂಗ ವಿವಾಹಗಳಿಗೆ ಕೇಂದ್ರ ಕಾನೂನಿನ ರಕ್ಷಣೆ ಕೊಡುವ ಮಸೂದೆ ಸೆನೆಟ್ ಮುಂದೆ ಬಂತು. ಮದುವೆ ಅಂದರೆ ಗಂಡು ಹೆಣ್ಣಿನ ನಡುವೆ ಅನ್ನುವ ನಮ್ಮ ಬೋಧನೆ ಬದಲಾಗಿಲ್ಲ, ಆದರೆ ಧಾರ್ಮಿಕ ಸ್ವಾತಂತ್ರ್ಯಕ್ಕೆ ರಕ್ಷಣೆ ಇರುವುದರಿಂದ ಈ ಮಸೂದೆಗೆ ನಮ್ಮ ಬೆಂಬಲ ಅಂತ ಚರ್ಚ್ ಹೇಳಿಕೆ ಕೊಟ್ಟಿತು. ಯೂಟಾದ ಇಬ್ಬರು ಸೆನೆಟರ್‌ಗಳೂ ಮಾರ್ಮನ್ನರೇ, ರಿಪಬ್ಲಿಕನ್ನರೇ. ರಾಮ್ನಿ ಪರವಾಗಿ ಮತ ಹಾಕಿದರು. ಮೈಕ್ ಲೀ ವಿರುದ್ಧ ಹಾಕಿದರು. ಚರ್ಚ್ ಬಹಿರಂಗವಾಗಿ ಬೆಂಬಲಿಸಿದ ಮಸೂದೆಗೇ ಅವರು ಬೇಡ ಎಂದರು, ಅವರ ಸದಸ್ಯತ್ವಕ್ಕೇನೂ ಆಗಲಿಲ್ಲ. ಸಾಲ್ಟ್ ಲೇಕ್ ಸಿಟಿಯಿಂದ ಆದೇಶ ಬರುತ್ತದೆ, ಇವರು ತಲೆಬಾಗುತ್ತಾರೆ ಅನ್ನುವವರು ಈ ಒಂದು ಮತದಾನವನ್ನು ನೋಡಬೇಕು.

ಹಾಗಂತ ಪ್ರಶ್ನೆ ಕೇಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. 1960ರಲ್ಲಿ ಇದೇ ಪ್ರಶ್ನೆ ಜಾನ್ ಕೆನಡಿಗೆ ಬಂತು, ಸಾಲ್ಟ್ ಲೇಕ್ ಬದಲು ರೋಮ್, ಪ್ರವಾದಿಯ ಬದಲು ಪೋಪ್. ಅವರು ಸೆಪ್ಟೆಂಬರ್ 12ರಂದು ಟೆಕ್ಸಾಸ್‌ನ ಹ್ಯೂಸ್ಟನ್‌ಗೆ ಹೋಗಿ ಪ್ರಾಟೆಸ್ಟೆಂಟ್ ಪಾದ್ರಿಗಳ ಮುಂದೆಯೇ ನಿಂತು ಉತ್ತರ ಕೊಟ್ಟರು. ಚರ್ಚ್ ಮತ್ತು ಸರ್ಕಾರ ಪೂರ್ತಿ ಬೇರೆ ಇರಬೇಕು ಅನ್ನುವವನು ನಾನು, ಮನಸ್ಸಾಕ್ಷಿಗೂ ದೇಶಹಿತಕ್ಕೂ ತಾಳೆಯಾಗದ ದಿನ ಬಂದರೆ ರಾಜೀನಾಮೆ ಕೊಡುತ್ತೇನೆ ಅಂದರು. ರಾಮ್ನಿ 2007ರ ಡಿಸೆಂಬರ್ 6ರಂದು ಅದೇ ಟೆಕ್ಸಾಸ್‌ನಲ್ಲಿ ತಮ್ಮ ಭಾಷಣ ಮಾಡಿದರು. ನನ್ನ ಚರ್ಚ್‌ನ ಹಿರಿಯರು ಅಧ್ಯಕ್ಷನ ತೀರ್ಮಾನಗಳ ಮೇಲೆ ಪ್ರಭಾವ ಬೀರಲು ಬಿಡುವುದಿಲ್ಲ ಅಂದರು, ಅದು ಸರಿ. ಆದರೆ ಜೊತೆಗೆ, ಸ್ವಾತಂತ್ರ್ಯಕ್ಕೆ ಧರ್ಮ ಬೇಕೇ ಬೇಕು ಅಂತಲೂ ಹೇಳಿದರು. ಆ ಮಾತು ನನಗೆ ಹಿಡಿಸಲಿಲ್ಲ. ನನ್ನ ಧರ್ಮ ನೋಡಿ ನನ್ನನ್ನು ದೂರ ಇಡಬೇಡಿ ಅಂತ ಕೇಳಿಕೊಂಡ ಬಾಯಲ್ಲೇ, ಧರ್ಮವೇ ಇಲ್ಲದವರನ್ನು ಹೊರಗಿಟ್ಟ ಹಾಗಾಯಿತು.

ಇನ್ನು ಮೂರನೆಯ ಆತಂಕ, ಚರ್ಚ್ ಸಾರ್ವಜನಿಕ ವಿಷಯಗಳಲ್ಲಿ ತೆಗೆದುಕೊಂಡ ನಿಲುವುಗಳು. ಇಲ್ಲಿ ಮತದಾರರಿಗೆ ಕೇಳುವ ಹಕ್ಕು ಪೂರ್ತಿ ಇದೆ. 1978ರ ಜೂನ್‌ವರೆಗೆ ಕಪ್ಪು ಗಂಡಸರಿಗೆ ಈ ಚರ್ಚ್‌ನಲ್ಲಿ ಯಾಜಕತ್ವ, ಅಂದರೆ ಧಾರ್ಮಿಕ ವಿಧಿ ನಡೆಸುವ ಅಧಿಕಾರ, ಇರಲಿಲ್ಲ. ಹನ್ನೆರಡು ವರ್ಷದ ಬಿಳಿ ಹುಡುಗನಿಗೆ ಸಿಗುತ್ತಿದ್ದದ್ದು ಅರವತ್ತು ವರ್ಷದ ಕಪ್ಪು ಭಕ್ತನಿಗೆ ಸಿಗುತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಮಹಿಳೆಯರಿಗೆ ಸಮಾನ ಹಕ್ಕು ಕೊಡುವ ಸಂವಿಧಾನ ತಿದ್ದುಪಡಿಯನ್ನು ಚರ್ಚ್ ವಿರೋಧಿಸಿತು. ಅದರ ಪರ ಹೋರಾಡಿದ ಸೋನಿಯಾ ಜಾನ್ಸನ್ ಅವರನ್ನು 1979ರಲ್ಲಿ ಬಹಿಷ್ಕರಿಸಿತು. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಲಿಂಗ ವಿವಾಹ ನಿಲ್ಲಿಸುವ ಪ್ರೊಪೊಸಿಷನ್ 8ಕ್ಕೆ ಸಮಯ, ಹಣ ಎರಡನ್ನೂ ಕೊಡಿ ಅಂತ ಸದಸ್ಯರನ್ನು ಕೇಳಿಕೊಂಡಿತು. ರಾಮ್ನಿ ದಂಪತಿ 2010 ಮತ್ತು 2011 ಎರಡು ವರ್ಷದಲ್ಲಿ ಚರ್ಚ್‌ಗೆ ಕೊಟ್ಟದ್ದು ಸುಮಾರು 41 ಲಕ್ಷ ಡಾಲರ್. ಇಂಥ ಸಂಸ್ಥೆಯಲ್ಲಿ ನಾಯಕನಾಗಿದ್ದವನನ್ನು, ಆ ಕಾಲದಲ್ಲಿ ನೀನು ಎಲ್ಲಿದ್ದೆ, ಏನು ಹೇಳಿದೆ ಅಂತ ಕೇಳುವುದು ದ್ವೇಷ ಅಲ್ಲ. ಯಾವುದೇ ಸಂಘದ ಪದಾಧಿಕಾರಿಯನ್ನು ಕೇಳುವ ಪ್ರಶ್ನೆ ಅದು.

1978ರಲ್ಲಿ ರಾಮ್ನಿಗೆ 31 ವರ್ಷ. ಕಪ್ಪು ಜನರ ಮೇಲಿನ ನಿರ್ಬಂಧ ಹೋಯಿತು ಅಂತ ಕಾರಿನಲ್ಲಿ ಹೋಗುತ್ತಿದ್ದಾಗ ರೇಡಿಯೋದಲ್ಲಿ ಕೇಳಿ, ಕಾರನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿ ಅತ್ತೆ ಅಂತ ಅವರು 2007ರಲ್ಲಿ ಟಿವಿಯಲ್ಲಿ ಹೇಳಿದರು. ನಾನು ಅದನ್ನು ನಂಬುತ್ತೇನೆ. ಆದರೆ ಅದಕ್ಕೂ ಮುಂಚೆ ನಿಯಮದ ವಿರುದ್ಧ ದನಿ ಎತ್ತಿದಿರಾ ಅನ್ನುವುದು ನ್ಯಾಯವಾದ ಮುಂದಿನ ಪ್ರಶ್ನೆ.

ಇಲ್ಲೇ ಒಂದು ಎಚ್ಚರಿಕೆ ಬೇಕು. ಚರ್ಚ್‌ನ ನಿಲುವನ್ನು ಓದಿ ಅದೇ ಅಭ್ಯರ್ಥಿಯ ನಿಲುವು ಅಂದುಕೊಂಡರೆ ಮೋಸ ಹೋಗುತ್ತೇವೆ. ಗರ್ಭಪಾತದ ವಿಷಯ ತೆಗೆದುಕೊಳ್ಳಿ. ಮಾರ್ಮನ್ ಚರ್ಚ್ ಕೆಲವು ಸಂದರ್ಭ ಬಿಟ್ಟರೆ ಗರ್ಭಪಾತವನ್ನು ಒಪ್ಪುವುದಿಲ್ಲ. 1994ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಟೆಡ್ ಕೆನಡಿ ವಿರುದ್ಧ ಸೆನೆಟ್‌ಗೆ ನಿಂತಾಗ ರಾಮ್ನಿ ಗರ್ಭಪಾತದ ಕಾನೂನುಬದ್ಧ ಹಕ್ಕಿನ ಪರ ಇದ್ದರು. ಅಧ್ಯಕ್ಷ ಸ್ಥಾನದ ಕಡೆ ಕಣ್ಣಿಡುವ ಹೊತ್ತಿಗೆ ವಿರುದ್ಧವಾದರು. ಆ ಎರಡೂ ದಿನ ಅವರು ಅದೇ ಚರ್ಚ್‌ನ ಸದಸ್ಯರು, ಚರ್ಚ್ ಅದೇ ಮಾತು ಹೇಳುತ್ತಿತ್ತು. ಹಾಗಾದರೆ ಈ ಬದಲಾವಣೆಯನ್ನು ಅರ್ಥ ಮಾಡಿಕೊಳ್ಳಲು ಅವರ ಧರ್ಮ ಎಷ್ಟು ಸಹಾಯ ಮಾಡುತ್ತದೆ? ಬಹಳ ಕಡಿಮೆ. ಅವರು ಯಾವ ಮತದಾರರ ಮುಂದೆ ನಿಂತಿದ್ದರು ಅಂತ ನೋಡಿದರೆ ಜಾಸ್ತಿ ತಿಳಿಯುತ್ತದೆ. ಆ 1994ರ ಚುನಾವಣೆಯಲ್ಲಿ ಕೆನಡಿ ಕಡೆಯವರು ಮಾರ್ಮನ್ ವಿಷಯ ಎತ್ತಿದ್ದರು. 1960ರಲ್ಲಿ ಅವರ ಅಣ್ಣನೇ ಎದುರಿಸಿ ಗೆದ್ದ ಅಸ್ತ್ರ ಅದು. ನಿಲುವು ಬದಲಿಸುವ ಸ್ವಭಾವವನ್ನು ಹಿಡಿದು ಕೇಳಬೇಕಾದಲ್ಲಿ ಚರ್ಚ್ ಹಿಡಿದು ಕೇಳಿದರೆ ನಿಜವಾದ ಪ್ರಶ್ನೆ ಜಾರಿಹೋಗುತ್ತದೆ.

ಸಂವಿಧಾನ ಏನು ಹೇಳುತ್ತದೆ ಅಂತ ಕೆಲವರು ಕೇಳಬಹುದು. ಅಮೆರಿಕದ ಸಂವಿಧಾನದ 6ನೇ ವಿಧಿ, ಸರ್ಕಾರದ ಯಾವ ಹುದ್ದೆಗೂ ಧರ್ಮದ ಪರೀಕ್ಷೆಯನ್ನು ಅರ್ಹತೆಯಾಗಿ ಇಡಕೂಡದು ಎನ್ನುತ್ತದೆ. ಅದು ಕಟ್ಟಿಹಾಕುವುದು ಸರ್ಕಾರವನ್ನು. ಮಾರ್ಮನ್ನರು ನಾಮಪತ್ರ ಹಾಕಕೂಡದು ಅಂತ ಕಾನೂನು ಮಾಡುವಂತಿಲ್ಲ. ಪರದೆ ಹಿಂದೆ ಒಬ್ಬರೇ ನಿಂತ ಮತದಾರರ ಕೈಯನ್ನು ಯಾವ ವಿಧಿಯೂ ಹಿಡಿಯಲಾರದು. ಅವರು ಎತ್ತರ ನೋಡಿ ಹಾಕಬಹುದು, ಊರು ನೋಡಿ ಹಾಕಬಹುದು, ಧರ್ಮ ನೋಡಿಯೂ ಹಾಕಬಹುದು. ಕಾನೂನು ಬಿಟ್ಟಿರುವ ಜಾಗ ಅದು, ಅಲ್ಲಿ ಉಳಿಯುವುದು ಅವರ ಆತ್ಮಸಾಕ್ಷಿ ಮಾತ್ರ. ಅದಕ್ಕೇ ಈ ವಿಷಯಕ್ಕೆ ಇಷ್ಟು ಮಾತು ಬೇಕು.

ಮತ್ತೆ, ಧರ್ಮ ನೋಡಿ ಬೇಡ ಅನ್ನುವುದು ತಪ್ಪಾದರೆ, ಧರ್ಮ ನೋಡಿ ಬೇಕು ಅನ್ನುವುದೂ ಅಷ್ಟೇ ತಪ್ಪು. 2012ರಲ್ಲಿ ಯೂಟಾದಲ್ಲಿ ರಾಮ್ನಿಗೆ ನೂರಕ್ಕೆ ಸುಮಾರು 73 ಮತ ಬಿತ್ತು. ಅದು ಮೊದಲೇ ರಿಪಬ್ಲಿಕನ್ ರಾಜ್ಯ, ನಿಜ, ಆದರೆ ನಮ್ಮವನು ಅನ್ನುವ ಅಭಿಮಾನವೂ ಅಲ್ಲಿತ್ತು. ನಾಲ್ಕು ವರ್ಷದ ಮೇಲೆ ಅದೇ ಜನ ಅದೇ ಪಕ್ಷದ ಟ್ರಂಪ್‌ಗೆ ಕೊಟ್ಟದ್ದು ನೂರಕ್ಕೆ 45 ಚಿಲ್ಲರೆ. ಸುಮಾರು 21 ಮತ ಇವಾನ್ ಮೆಕ್‌ಮಲಿನ್ ಅನ್ನುವ ಪಕ್ಷೇತರ ಮಾರ್ಮನ್ ಅಭ್ಯರ್ಥಿಗೆ ಹೋಯಿತು.

ಅಮೆರಿಕದಲ್ಲಿ ನೆಲೆಸಿ ಪೌರತ್ವ ಪಡೆದ ಕನ್ನಡಿಗರಿಗೆ ಇದು ಬರೀ ಪರರ ಕತೆ ಅಲ್ಲ. ಅವರೂ ಅಲ್ಲಿ ಮತದಾರರು. ಜೊತೆಗೆ ಅದೇ ಪ್ರಶ್ನೆ ಈಗ ಹಿಂದೂ ಅಭ್ಯರ್ಥಿಗಳ ಕಡೆಗೂ ತಿರುಗಿದೆ. 2023ರ ಡಿಸೆಂಬರ್‌ನಲ್ಲಿ ಅಯೋವಾದ ಸಭೆಯೊಂದರಲ್ಲಿ ವಿವೇಕ್ ರಾಮಸ್ವಾಮಿ ಅವರಿಗೆ, ದೇಶ ಕಟ್ಟಿದವರ ಧರ್ಮ ನಿಮ್ಮದಲ್ಲ, ನೀವು ಅಧ್ಯಕ್ಷರಾಗಲಾರಿರಿ ಅನ್ನುವವರಿಗೆ ಏನು ಹೇಳುತ್ತೀರಿ ಅಂತ ಮತದಾರರೊಬ್ಬರು ಕೇಳಿದರು. ರಾಮಸ್ವಾಮಿ ಅವರ ರಾಜಕೀಯ ನಿಮಗೆ ಒಪ್ಪಿಗೆ ಇರಲಿ ಬಿಡಲಿ, ಆ ಪ್ರಶ್ನೆ ಕೇಳಿ ನಮ್ಮಲ್ಲಿ ಎಷ್ಟೋ ಜನಕ್ಕೆ ಚುರುಕ್ ಅಂದಿತು. ಮಾರ್ಮನ್ ಕುಟುಂಬಗಳು ಆ ಚುರುಕನ್ನು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಿಂದ ಉಣ್ಣುತ್ತಾ ಬಂದಿವೆ.

ಹಾಗಾದರೆ ಏನು ನೋಡಬೇಕು? ಚರ್ಚ್ ಒಂದು ಕಡೆ ಎಳೆದು, ಹುದ್ದೆ ಇನ್ನೊಂದು ಕಡೆ ಎಳೆದ ದಿನ ಈ ಮನುಷ್ಯ ಏನು ಮಾಡಿದ ಅನ್ನುವುದನ್ನು ನೋಡಬೇಕು. ಅಂಥ ದಿನಗಳು ಎಲ್ಲರ ಬದುಕಿನಲ್ಲೂ ಬರುವುದಿಲ್ಲ. ಬಂದಿದ್ದರೆ ಸಾಮಾನ್ಯವಾಗಿ ದಾಖಲೆಯಲ್ಲಿ ಇರುತ್ತದೆ. ರಾಮ್ನಿಯವರ ತಂದೆಗೆ ಬಂದಿತ್ತು.

ಜಾರ್ಜ್ ರಾಮ್ನಿ ಮಿಶಿಗನ್ ಗವರ್ನರ್. ಅವರೂ ಚರ್ಚ್‌ನಲ್ಲಿ ಹಿರಿಯ ಸ್ಥಾನದಲ್ಲಿದ್ದವರು. ಕಪ್ಪು ಜನರ ನಾಗರಿಕ ಹಕ್ಕುಗಳ ಪರ ಗಟ್ಟಿಯಾಗಿ ನಿಂತಿದ್ದರು, 1963ರಲ್ಲಿ ಮೆರವಣಿಗೆಯಲ್ಲೂ ನಡೆದಿದ್ದರು. 1964ರ ಜನವರಿಯಲ್ಲಿ ಅವರಿಗೆ ಸಾಲ್ಟ್ ಲೇಕ್ ಸಿಟಿಯಿಂದ ಒಂದು ಕಾಗದ ಬಂತು. ಬರೆದವರು ಡೆಲ್ಬರ್ಟ್ ಸ್ಟೇಪ್ಲಿ, ಹನ್ನೆರಡು ಅಪೊಸ್ತಲರಲ್ಲಿ ಒಬ್ಬರು. ಇದು ಚರ್ಚ್‌ನ ಅಧಿಕೃತ ಮಾತಲ್ಲ, ನನ್ನ ಸ್ವಂತ ಅಭಿಪ್ರಾಯ ಅಂತ ಹೇಳಿಕೊಂಡೇ, ನಾಗರಿಕ ಹಕ್ಕುಗಳ ಮಸೂದೆ ಕೆಟ್ಟದ್ದು, ನೀವು ಅದರ ಪರ ನಿಲ್ಲುವುದು ನಮ್ಮ ಪ್ರವಾದಿ ಜೋಸೆಫ್ ಸ್ಮಿತ್ ಹೇಳಿದ್ದಕ್ಕೆ ಹೊಂದುವುದಿಲ್ಲ, ಮತ್ತೊಮ್ಮೆ ಯೋಚಿಸಿ ಅಂತ ಬರೆದಿದ್ದರು. ಹೀಗೆ ಕಪ್ಪು ಜನರ ಪರ ಹೋದ ಕೆಲವರಿಗೆ ಒಳ್ಳೆಯದಾಗಲಿಲ್ಲ ಅನ್ನುವ ಮಾತೂ ಅದರಲ್ಲಿತ್ತು. ಭಕ್ತನೊಬ್ಬನಿಗೆ ಅಪೊಸ್ತಲನಿಂದ ಬಂದ ಕಾಗದ ಅದು. ಎಷ್ಟು ಭಾರ ಇದ್ದಿರಬಹುದು ಅಂತ ಯೋಚಿಸಿ ನೋಡಿ.

ಜಾರ್ಜ್ ರಾಮ್ನಿ ಚರ್ಚ್ ಬಿಡಲಿಲ್ಲ, ನಿಲುವನ್ನೂ ಬಿಡಲಿಲ್ಲ. ಅದೇ ವರ್ಷದ ಬೇಸಿಗೆಯಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶದಲ್ಲಿ, ಪಕ್ಷದ ಪ್ರಣಾಳಿಕೆಯಲ್ಲಿ ನಾಗರಿಕ ಹಕ್ಕುಗಳ ಮಾತು ಇನ್ನೂ ಗಟ್ಟಿಯಾಗಿರಬೇಕು ಅಂತ ಹಟ ಹಿಡಿದು ಸೋತರು. ನಾಗರಿಕ ಹಕ್ಕುಗಳ ಕಾನೂನಿನ ವಿರುದ್ಧ ಮತ ಹಾಕಿದ್ದ ತಮ್ಮ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್‌ಗೆ ಬೆಂಬಲ ಕೊಡಲಿಲ್ಲ. ಮಿಶಿಗನ್ ಜನ ನವೆಂಬರ್‌ನಲ್ಲಿ ಅವರನ್ನೇ ಮತ್ತೆ ಗವರ್ನರ್ ಮಾಡಿದರು. ಕಪ್ಪು ಗಂಡಸರಿಗೆ ಅವರ ಚರ್ಚ್ ಯಾಜಕತ್ವದ ಬಾಗಿಲು ತೆರೆದದ್ದು ಆ ಕಾಗದ ಬಂದು 14 ವರ್ಷ ಕಳೆದ ಮೇಲೆ.